ಕೋವಿಡ್ ಹೋಯಿತು ಎಂದರು, ಕಾಯಿಲೆ ಹೋಗಲಿಲ್ಲ: ನಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ!

ಲಾಂಗ್ ಕೋವಿಡ್ ರೋಗಿಗಳನ್ನು ಎಣಿಸಿ! ಸಂಶೋಧನೆಗೆ ಹಣ ಕೊಡಿ! ಚಿಕಿತ್ಸೆ ಜಿಲ್ಲಾ ಆಸ್ಪತ್ರೆಗೆ ಬರಲಿ!

ಮಾರ್ಚ್ 15, ಅಂತರರಾಷ್ಟ್ರೀಯ ಲಾಂಗ್ ಕೋವಿಡ್ ಜಾಗೃತಿ ದಿನ. ಅಂದು ಪ್ರತಿ ತಾಲ್ಲೂಕು ಕಚೇರಿಯಲ್ಲೂ ಮನವಿ ಸಲ್ಲಿಸೋಣ!



ಈ ಕರಪತ್ರ ಕೈಗೆ ಬಂದವರು ಒಂದು ಗಳಿಗೆ ನಿಂತು ನಿಮ್ಮ ಮನೆ, ನಿಮ್ಮ ಬೀದಿ, ನಿಮ್ಮ ಕೆಲಸದ ಜಾಗವನ್ನು ನೆನೆಸಿಕೊಳ್ಳಿ. ಕೋವಿಡ್ ಬಂದು ವಾಸಿಯಾಯಿತು ಎಂದ ಮೇಲೂ ಮೊದಲಿನಂತಾಗದವರು ಯಾರಾದರೂ ಅಲ್ಲಿದ್ದಾರೆಯೇ? ಎರಡು ಕೊಡ ನೀರು ತಂದರೆ ಮಾರನೆಯ ದಿನವೆಲ್ಲ ಹಾಸಿಗೆ ಹಿಡಿಯುವ ಅಕ್ಕ ಇದ್ದಾಳೆಯೇ? ಸ್ನಾನ ಮಾಡಿ ಬಂದರೆ ಎದೆ ಡವಡವ ಎಂದು ಗೋಡೆ ಹಿಡಿದು ಕೂರುವ ತಮ್ಮ? ಪಾಠದ ನಡುವೆ ಗೊತ್ತಿರುವ ಮಾತೇ ನೆನಪಿಗೆ ಬಾರದೆ ನಿಂತುಬಿಡುವ ಮೇಷ್ಟ್ರು? ಪೀಸಿನ ಲೆಕ್ಕ ಮುಟ್ಟಿಸಲಾಗದೆ ಗಾರ್ಮೆಂಟ್ಸ್ ಕೆಲಸ ಬಿಟ್ಟ ಪಕ್ಕದ ಮನೆಯ ಹುಡುಗಿ?

ಅವರು ಆಸ್ಪತ್ರೆಗೆ ಹೋಗಿದ್ದಾರೆ. ಬ್ಲಡ್ ಟೆಸ್ಟ್ ನಾರ್ಮಲ್. ಇಸಿಜಿ ನಾರ್ಮಲ್. ಎಕ್ಸ್‌ರೇ ನಾರ್ಮಲ್. "ಟೆನ್ಶನ್ ಮಾಡ್ಕೋಬೇಡಿ, ಸ್ವಲ್ಪ ವಾಕಿಂಗ್ ಮಾಡಿ, ಬಿ ಕಾಂಪ್ಲೆಕ್ಸ್ ತಗೊಳ್ಳಿ" ಎಂಬ ಮಾತು ಕೇಳಿ ಮನೆಗೆ ಬಂದಿದ್ದಾರೆ. ಮನೆಯಲ್ಲಿ ಸೋಮಾರಿ ಎಂಬ ಹೆಸರು, ಕೆಲಸದಲ್ಲಿ ನಾಟಕ ಎಂಬ ಆರೋಪ. ವರ್ಷಗಳು ಕಳೆದವು. ಈಗ ಅವರು ಹೇಳಿಕೊಳ್ಳುವುದನ್ನೇ ಬಿಟ್ಟಿದ್ದಾರೆ.

ಈ ಕರಪತ್ರ ಬರೆದ ನಾವು ಆ ರೋಗಿಗಳು, ಅವರ ಮನೆಯವರು, ಅವರ ಜೊತೆಗಾರರು. ನಮ್ಮದು ನಾಟಕವಲ್ಲ. ಇದಕ್ಕೆ ಹೆಸರಿದೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಯು09.9 ಎಂಬ ಸಂಕೇತವಿದೆ, ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಇದರ ಬೆನ್ನು ಹತ್ತಿವೆ. ಇಲ್ಲದಿರುವುದು ಒಂದೇ: ನಮ್ಮ ರಾಜ್ಯದಲ್ಲಿ ನಮ್ಮ ಲೆಕ್ಕ. ಲೆಕ್ಕ ಇಲ್ಲದೆ ಸಂಶೋಧನೆ ನಡೆಯುವುದಿಲ್ಲ, ಸಂಶೋಧನೆ ನಡೆಯದೆ ಚಿಕಿತ್ಸೆ ಹುಟ್ಟುವುದಿಲ್ಲ. ಅದಕ್ಕೇ ಬೀದಿಗೆ ಬಂದಿದ್ದೇವೆ.

■ ಇದೇನು ಕಾಯಿಲೆ?

ಕೋವಿಡ್ ಬಂದ ಮೂರು ತಿಂಗಳಿನ ಹೊತ್ತಿಗೂ ತೊಂದರೆ ಉಳಿದಿದ್ದು ಅಥವಾ ಹೊಸದಾಗಿ ಹುಟ್ಟಿ, ಕನಿಷ್ಠ ಎರಡು ತಿಂಗಳು ಮುಂದುವರಿದು, ಅದಕ್ಕೆ ಬೇರೆ ಕಾಯಿಲೆಯ ಕಾರಣ ಸಿಗದಿದ್ದರೆ ಅದು ಲಾಂಗ್ ಕೋವಿಡ್. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ವಿವರಣೆ ಇದು. ಒಂದು ಮಾತನ್ನು ಗಮನಿಸಿ: ಕೋವಿಡ್ ಬಂದದ್ದಕ್ಕೆ ಪಾಸಿಟಿವ್ ರಿಪೋರ್ಟ್ ಇರಲೇಬೇಕು ಎಂದು ಆ ವಿವರಣೆ ಹೇಳುವುದಿಲ್ಲ. ಬಂದಿರುವ ಸಾಧ್ಯತೆ ಬಲವಾಗಿದ್ದರೆ ಸಾಕು.

ಲಕ್ಷಣಗಳು ಒಬ್ಬೊಬ್ಬರಿಗೆ ಒಂದೊಂದು ಬಗೆ. ತೀರದ ಸುಸ್ತು, ಏದುಸಿರು, ಎದೆಬಡಿತ, ತಲೆ ಮಂಕು, ಮರೆವು, ನಿದ್ದೆಗೇಡು, ಕೈಕಾಲು ಜೋಮು, ಎದ್ದು ನಿಂತರೆ ತಲೆಸುತ್ತು, ಹೆಂಗಸರಲ್ಲಿ ಮುಟ್ಟಿನ ಏರುಪೇರು. ಇವುಗಳಲ್ಲಿ ಒಂದನ್ನು ಎಲ್ಲರೂ ತಿಳಿದಿರಬೇಕು. ಶಕ್ತಿ ಮೀರಿ ಕೆಲಸ ಮಾಡಿದರೆ ಅದೇ ದಿನವೋ, ಒಂದೆರಡು ದಿನ ತಡೆದೋ ಮೈ ಪೂರ್ತಿ ಕುಸಿಯುತ್ತದೆ. ಆ ಕೆಲಸ ಮೈಯದೇ ಆಗಬೇಕೆಂದಿಲ್ಲ, ತಲೆಯ ಕೆಲಸವೂ ಸಾಕು. ಸಾಮಾನ್ಯ ದಣಿವು ಒಂದು ರಾತ್ರಿ ಮಲಗಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ಇಂಥವರಿಗೆ "ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ವ್ಯಾಯಾಮ ಮಾಡಿ" ಎನ್ನುವ ಸಲಹೆ ಹಾನಿ ಮಾಡಬಹುದು. ಇದೇ ಬಗೆಯ ಕುಸಿತ ಮುಖ್ಯ ಲಕ್ಷಣವಾಗಿರುವ ಎಂಇ/ಸಿಎಫ್‌ಎಸ್ ಎಂಬ ಹಳೆಯ ಕಾಯಿಲೆಗೆ ಕೊಡುತ್ತಿದ್ದ ಹಂತ ಹಂತದ ವ್ಯಾಯಾಮದ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿತು.

ಸೋಂಕು ಹೋದರೂ ಕಾಯಿಲೆ ಉಳಿಯುವುದು ನಮಗೆ ಹೊಸದೇನಲ್ಲ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ಕರ್ನಾಟಕದಲ್ಲಿ ಲಕ್ಷಾಂತರ ಜನ ಮಲಗಿದರು. ಜ್ವರ ವಾರದಲ್ಲಿ ಬಿಟ್ಟಿತು, ಕೀಲುನೋವು ತಿಂಗಳು, ವರ್ಷಗಟ್ಟಲೆ ಕಾಡಿತು. ಅದು ಅವರ ಟೆನ್ಶನ್ ಎಂದು ಯಾವ ಹಳ್ಳಿಯಲ್ಲೂ ಯಾರೂ ಹೇಳಲಿಲ್ಲ, ಏಕೆಂದರೆ ಮನೆ ಮನೆಯಲ್ಲೂ ಅದನ್ನು ಕಣ್ಣಾರೆ ಕಂಡಿದ್ದರು. ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನಲ್ಲಿ ಸೋಂಕು ತಗುಲಿದ 253 ಜನರನ್ನು ವಿಜ್ಞಾನಿಗಳು ಮೊದಲಿನಿಂದ ಹಿಂಬಾಲಿಸಿದರು. ಮೂರು ಬೇರೆ ಬೇರೆ ಸೋಂಕುಗಳು, ಆದರೂ ಆರು ತಿಂಗಳ ಮೇಲೆ ಸುಮಾರು 12% ಜನ ಸುಸ್ತಿನಿಂದ ಎದ್ದಿರಲಿಲ್ಲ. ಇದು ಪ್ರಕಟವಾದದ್ದು 2006ರಲ್ಲಿ, ಕೋವಿಡ್‌ಗೆ ಹದಿನಾಲ್ಕು ವರ್ಷ ಮೊದಲು. ಆಗಲೇ ಜಗತ್ತು ಈ ಬಗೆಯ ಕಾಯಿಲೆಗಳಿಗೆ ಬೆಲೆ ಕೊಟ್ಟಿದ್ದರೆ ಇಂದು ನಾವು ಸೊನ್ನೆಯಿಂದ ಶುರು ಮಾಡಬೇಕಾಗಿರಲಿಲ್ಲ.

■ ಮೊದಲು ಎಣಿಸಿದವರು ರೋಗಿಗಳೇ

2020ರ ಆರಂಭದಲ್ಲಿ, ಕೋವಿಡ್ ಲಘುವಾಗಿ ಬಂದವರು ಎರಡು ವಾರದಲ್ಲಿ ಹುಷಾರಾಗುತ್ತಾರೆ ಎಂದೇ ಎಲ್ಲರೂ ಹೇಳುತ್ತಿದ್ದರು. ಹುಷಾರಾಗದವರು ತಾವೇ ಮಾತಾಡಿದರು. ಆ ಮೇ ತಿಂಗಳಲ್ಲಿ ಲಾಂಗ್ ಕೋವಿಡ್ ಎಂಬ ಹೆಸರನ್ನು ಬಳಕೆಗೆ ತಂದವರು ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ, ಅವರೂ ರೋಗಿಯೇ. ಹ್ಯಾನಾ ಡೇವಿಸ್, ಲೀಸಾ ಮೆಕಾರ್ಕಲ್, ಅಥೀನಾ ಅಕ್ರಾಮಿ ಮುಂತಾದ ರೋಗಿಗಳು ಸೇರಿ ಪೇಷೆಂಟ್ ಲೆಡ್ ರಿಸರ್ಚ್ ಕೊಲಾಬರೇಟಿವ್ ಕಟ್ಟಿ ಸಮೀಕ್ಷೆ ನಡೆಸಿದರು. 56 ದೇಶಗಳ 3,762 ಜನ ಉತ್ತರ ಕೊಟ್ಟರು. ಹತ್ತು ಅಂಗವ್ಯೂಹಗಳಲ್ಲಿ 203 ಲಕ್ಷಣಗಳು ದಾಖಲಾದವು. 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಜಗತ್ತಿನ ಸಂಶೋಧಕರು ಇಂದಿಗೂ ಆಧಾರವಾಗಿ ಬಳಸುತ್ತಾರೆ.

ಹಾಸಿಗೆಯ ಮೇಲೆ ಮಲಗಿದ್ದವರು ಲೆಕ್ಕ ಬರೆದರು. ಆ ಲೆಕ್ಕ ಕಣ್ಣಮುಂದೆ ಬಂದ ಮೇಲೆ ಸರ್ಕಾರಗಳು ಅಲ್ಲಗಳೆಯುವುದು ಕಷ್ಟವಾಯಿತು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಸಂಶೋಧನೆಗೆ 115 ಕೋಟಿ ಡಾಲರ್ ಕೊಟ್ಟಿತು, ರಿಕವರ್ ಎಂಬ ದೊಡ್ಡ ಯೋಜನೆ ಹುಟ್ಟಿತು. ಅಷ್ಟು ಹಣವಿದ್ದರೂ ಆ ಯೋಜನೆಯಲ್ಲಿ ಚಿಕಿತ್ಸೆಯ ಪ್ರಯೋಗಗಳು ಶುರುವಾಗಲು 2023ರ ಜುಲೈ ಬರಬೇಕಾಯಿತು. ರೋಗಿಗಳು ಬಹಿರಂಗವಾಗಿ ಪ್ರಶ್ನಿಸಿದರು, ಪತ್ರಿಕೆಗಳು ಬರೆದವು. 2025ರ ಮಾರ್ಚಿನಲ್ಲಂತೂ ಅಲ್ಲಿನ ಸರ್ಕಾರ ತನ್ನ ಲಾಂಗ್ ಕೋವಿಡ್ ಕಚೇರಿಯನ್ನೇ ಮುಚ್ಚುವ ತೀರ್ಮಾನ ಮಾಡಿತು. ಇದರಿಂದ ನಾವು ಕಲಿಯಬೇಕಾದದ್ದು ಎರಡು. ಹಣ ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುವ ಜಾಗದಲ್ಲಿ ರೋಗಿಗಳು ಕುಳಿತಿರಬೇಕು. ಬೇರೆ ದೇಶ ಔಷಧ ಕಂಡುಹಿಡಿದು ನಮಗೆ ಕಳಿಸುತ್ತದೆ ಎಂದು ಕಾಯುತ್ತಾ ಕೂರಬಾರದು.

■ "ಎಲ್ಲ ನಾರ್ಮಲ್" ಎಂಬ ರಿಪೋರ್ಟಿನ ಹಿಂದೆ ಏನಿದೆ?

ಸಾಮಾನ್ಯ ಲ್ಯಾಬಿನ ಪರೀಕ್ಷೆಗಳು ಹುಡುಕದ ಜಾಗಗಳಲ್ಲಿ ವಿಜ್ಞಾನಿಗಳು ಹುಡುಕಿದರು. ಕಂಡದ್ದು ಇಷ್ಟು:

● ವೈರಸ್‌ನ ಅವಶೇಷ: ಕೋವಿಡ್ ತಗುಲಿದ್ದು ತೀರಿಹೋದ 44 ಜನರ ದೇಹಗಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಂಡ ಪರೀಕ್ಷಿಸಿತು. ಶ್ವಾಸಕೋಶ ಮಾತ್ರವಲ್ಲ, ಹೃದಯ, ಮಿದುಳು ಮುಂತಾದ ಅಂಗಗಳಲ್ಲೂ ವೈರಸ್‌ನ ಗುರುತು ಸಿಕ್ಕಿತು. ಒಬ್ಬರಲ್ಲಿ ಲಕ್ಷಣ ಕಾಣಿಸಿಕೊಂಡ 230 ದಿನಗಳ ಮೇಲೂ ಅದು ಇತ್ತು. ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು ಸೋಂಕಿನ ತಿಂಗಳುಗಳ ನಂತರ ಬದುಕಿರುವವರ ರಕ್ತದಲ್ಲೂ ವೈರಸ್‌ನ ಪ್ರೋಟೀನ್ ಕಂಡರು.

● ರೋಗನಿರೋಧಕ ವ್ಯವಸ್ಥೆಯ ಏರುಪೇರು: ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ, ಮೌಂಟ್ ಸೈನಾಯ್ ಆಸ್ಪತ್ರೆಯ ಡೇವಿಡ್ ಪುಟ್ರಿನೊ ಅವರ ತಂಡ 2023ರಲ್ಲಿ ರೋಗಿಗಳ ರಕ್ತವನ್ನು ಆರೋಗ್ಯವಂತರ ರಕ್ತದ ಜೊತೆ ಹೋಲಿಸಿತು. ರೋಗಿಗಳಲ್ಲಿ ಕಾರ್ಟಿಸಾಲ್ ಹಾರ್ಮೋನ್ ಕಡಿಮೆಯಿತ್ತು, ರಕ್ಷಣೆಯ ಟಿ ಕೋಶಗಳು ಬಳಲಿದ್ದವು, ಮೈಯಲ್ಲಿ ಮಲಗಿದ್ದ ಹಳೆಯ ಎಪ್ಸ್ಟೀನ್ ಬಾರ್ ವೈರಸ್ ಮತ್ತೆ ಕೆರಳಿದ ಗುರುತು ಇತ್ತು.

● ಸ್ನಾಯುವಿನ ಹಾನಿ: ಆಮ್‌ಸ್ಟರ್‌ಡಾಮ್‌ನಲ್ಲಿ 25 ರೋಗಿಗಳು ಮತ್ತು 21 ಆರೋಗ್ಯವಂತರಿಗೆ ಸೈಕಲ್ ತುಳಿಸಿ, ಮೊದಲೂ ಆಮೇಲೂ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ಶ್ರಮದ ನಂತರ ರೋಗಿಗಳ ಸ್ನಾಯುವಿನಲ್ಲಿ ಹಾನಿ ಹೆಚ್ಚಿತ್ತು, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಕೆಲಸ ಕುಗ್ಗಿತ್ತು. ಪ್ರಕಟವಾದದ್ದು 2024ರ ಜನವರಿಯಲ್ಲಿ. "ಕೆಲಸ ಮಾಡಿದರೆ ಮಾರನೆಯ ದಿನ ಏಳೋಕಾಗಲ್ಲ" ಎಂದು ನಮ್ಮ ಅಕ್ಕ ಹೇಳುತ್ತಿದ್ದುದು ಮೈಕ್ರೋಸ್ಕೋಪಿನಲ್ಲಿ ಕಂಡಿತು.

● ಮಿದುಳಿನ ರಕ್ಷಾಕವಚ: ರಕ್ತದಿಂದ ಬೇಡದ ವಸ್ತುಗಳು ಮಿದುಳಿಗೆ ಹೋಗದಂತೆ ತಡೆಯುವ ಪೊರೆಯೊಂದಿದೆ. ತಲೆ ಮಂಕು ಇರುವ ರೋಗಿಗಳಲ್ಲಿ ಆ ಪೊರೆ ಸೋರುತ್ತಿರುವುದನ್ನು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ತಂಡ 2024ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತು.

● ರಕ್ತದ ಸಣ್ಣ ಹೆಪ್ಪುಗಳು: ಸುಲಭವಾಗಿ ಕರಗದ ಅತಿ ಸಣ್ಣ ಹೆಪ್ಪುಗಳನ್ನು ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ರೆಸಿಯಾ ಪ್ರಿಟೋರಿಯಸ್ ತಂಡ ವರದಿ ಮಾಡಿತು. ಅವುಗಳ ಪಾತ್ರ ಎಷ್ಟು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ನಡೆಯುತ್ತಿದೆ.

ಇಷ್ಟಾದರೂ "ಇದೇ ಲಾಂಗ್ ಕೋವಿಡ್" ಎಂದು ಬೆರಳಿಟ್ಟು ತೋರಿಸುವ ಒಂದು ರಕ್ತಪರೀಕ್ಷೆ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಎಲ್ಲರಿಗೂ ಒಂದೇ ಕಾರಣವೂ ಇರಲಾರದು. ಅದಕ್ಕೇ ಸಂಶೋಧನೆ ಮುಂದುವರಿಯಬೇಕು, ಅದರಲ್ಲಿ ನಮ್ಮ ಜನರೂ ಇರಬೇಕು.

■ ಔಷಧ ಇದೆಯೇ?

ಪೂರ್ತಿ ವಾಸಿ ಮಾಡುತ್ತದೆ ಎಂದು ಸಾಬೀತಾದ ಔಷಧ ಇಂದು ಇಲ್ಲ. ಇದೆ ಎಂದು ಹೇಳಿ ಸಾವಿರಾರು ರೂಪಾಯಿಯ ಪುಡಿ, ಟಾನಿಕ್, ಡ್ರಿಪ್ ಮಾರುವವರನ್ನು ನಂಬಬೇಡಿ.

ಆದರೆ ಪ್ರಯೋಗಗಳು ನಡೆದಿವೆ, ಅವುಗಳಿಂದ ತಿಳಿದದ್ದು ಇದೆ. ಪ್ಯಾಕ್ಸ್‌ಲೋವಿಡ್ ಎಂಬ ದುಬಾರಿ ಔಷಧವನ್ನು ಸ್ಟ್ಯಾನ್‌ಫರ್ಡ್‌ನಲ್ಲಿ 155 ರೋಗಿಗಳನ್ನು ಸೇರಿಸಿ 15 ದಿನಗಳ ಕೋರ್ಸ್ ಆಗಿ ಪರೀಕ್ಷಿಸಿದರು, ಉಪಯೋಗ ಕಾಣಲಿಲ್ಲ. ಈ ಫಲಿತಾಂಶವೂ ಬಡವರಿಗೆ ಲಾಭವೇ: ಸಾಲ ಮಾಡಿ ಆ ಮಾತ್ರೆ ಕೊಳ್ಳುವುದು ತಪ್ಪಿತು. ಇನ್ನೊಂದು ಕಡೆ, ನಮ್ಮ ಜನೌಷಧಿ ಅಂಗಡಿಯಲ್ಲೂ ಸಿಗುವ ಅಗ್ಗದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್. ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾರೊಲಿನ್ ಬ್ರಮಾಂಟೆ ಅವರ ತಂಡ ತೂಕ ಹೆಚ್ಚಿರುವ 1,126 ಜನರನ್ನು ಹಿಂಬಾಲಿಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೋಂಕು ತಗುಲಿದ ಮೊದಲ ದಿನಗಳಲ್ಲೇ ಅದನ್ನು ಕೊಟ್ಟವರಿಗೆ ಮುಂದೆ ಲಾಂಗ್ ಕೋವಿಡ್ ಬರುವುದು ಸುಮಾರು 41% ಕಡಿಮೆಯಾಗಿತ್ತು. ಇದು ತಡೆಗಟ್ಟುವ ಮಾತು. ಈಗಾಗಲೇ ಕಾಯಿಲೆ ಇರುವವರಿಗೆ ಇದು ಮದ್ದು ಎಂದು ಸಾಬೀತಾಗಿಲ್ಲ, ಆದ್ದರಿಂದ ಯಾರೂ ತಾವಾಗಿ ನುಂಗಬೇಡಿ. ನಮ್ಮ ಪ್ರಶ್ನೆ ಬೇರೆ: ಮಧುಮೇಹದ ರೋಗಿಗಳು ಇಷ್ಟೊಂದು ಇರುವ, ಈ ಮಾತ್ರೆ ಇಷ್ಟು ಅಗ್ಗವಾಗಿ ಸಿಗುವ ನಮ್ಮ ನಾಡಿನಲ್ಲಿ ಇಂಥ ಪ್ರಯೋಗಗಳು ನಡೆಯಬೇಡವೇ? ಪೇಟೆಂಟ್ ಮುಗಿದ ಅಗ್ಗದ ಮಾತ್ರೆಯ ಮೇಲೆ ಕಂಪನಿಗಳು ದುಡ್ಡು ಹಾಕುವುದಿಲ್ಲ. ಆ ಕೆಲಸ ಸರ್ಕಾರವೇ ಮಾಡಬೇಕು.

■ ನಮ್ಮ ನಾಡಿನ ಲೆಕ್ಕ ಎಲ್ಲಿ?

ಕರ್ನಾಟಕಕ್ಕೆ ಎಣಿಸಲು ಬರುವುದಿಲ್ಲವೇ? ಬರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯವೇ 16,416 ಜನರನ್ನು ಒಳಗೊಂಡ ಸಮೀಕ್ಷೆ ನಡೆಸಿತು. ಆ ಹೊತ್ತಿಗಾಗಲೇ ರಾಜ್ಯದ 27.3% ಜನರಿಗೆ, ಅಂದರೆ ಅಂದಾಜು 1.93 ಕೋಟಿ ಜನರಿಗೆ, ಸೋಂಕು ತಗುಲಿದೆ ಎಂದು ಅದು ಹೇಳಿತು. ಆಗ ಅಧಿಕೃತವಾಗಿ ದಾಖಲಾಗಿದ್ದ ಪ್ರಕರಣಗಳು 5 ಲಕ್ಷದ ಆಸುಪಾಸು ಮಾತ್ರ. ಎರಡನೆಯ ಅಲೆ ಇನ್ನೂ ಬಂದೇ ಇರಲಿಲ್ಲ. ಅಂದರೆ ಸೋಂಕು ತಗುಲಿದ ಬಹುಪಾಲು ಜನರ ಕೈಯಲ್ಲಿ ಪಾಸಿಟಿವ್ ರಿಪೋರ್ಟ್ ಇಲ್ಲ. ರಿಪೋರ್ಟ್ ತೋರಿಸಿ ಎನ್ನುವ ಕೌಂಟರಿನಿಂದ ಅವರನ್ನು ವಾಪಸ್ ಕಳಿಸುವುದು ಅನ್ಯಾಯ.

ಮುಂದೆ ರಾಜ್ಯದಲ್ಲಿ ದೃಢಪಟ್ಟ ಪ್ರಕರಣಗಳು 40 ಲಕ್ಷ ದಾಟಿದವು, 40 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಕೋವಿಡ್ ಬಂದ 100 ಜನರಲ್ಲಿ ಸುಮಾರು 6 ಮಂದಿಗೆ ಲಾಂಗ್ ಕೋವಿಡ್ ಬರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೃಢಪಟ್ಟ 40 ಲಕ್ಷಕ್ಕೆ ಮಾತ್ರ ಈ ಪ್ರಮಾಣ ಹಿಡಿದರೂ 2 ಲಕ್ಷದ 40 ಸಾವಿರ ಜನ. ಅವರಲ್ಲಿ ಎಷ್ಟೋ ಮಂದಿ ಕಾಲ ಕಳೆದಂತೆ ಚೇತರಿಸಿಕೊಂಡಿರುತ್ತಾರೆ. ಚೇತರಿಸಿಕೊಳ್ಳದವರು ಎಷ್ಟು, ಯಾವ ಜಿಲ್ಲೆಯವರು, ಯಾವ ಕೆಲಸದವರು? ಈ ಅಂದಾಜಿನ ಜಾಗದಲ್ಲಿ ನಿಜವಾದ ಎಣಿಕೆ ಬರಬೇಕು.

ದೇಶದ ಮಟ್ಟದಲ್ಲಿ ಸಿಕ್ಕಿರುವ ಸುಳಿವುಗಳೇ ಕಣ್ಣು ತೆರೆಸುವಂತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಕೋವಿಡ್ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿತು. ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ 6.5% ಜನ ಆ ವರ್ಷದೊಳಗೆ ತೀರಿಕೊಂಡಿದ್ದರು. 17.1% ಜನ ಮೊದಲ ವಿಚಾರಣೆಯಲ್ಲೇ ಕೋವಿಡ್ ನಂತರದ ತೊಂದರೆ ಹೇಳಿಕೊಂಡರು. ಸೋಂಕಿಗೆ ಮೊದಲೇ ಲಸಿಕೆ ಪಡೆದವರಿಗೆ ಸಾವಿನಿಂದ ಹೆಚ್ಚಿನ ರಕ್ಷಣೆ ಸಿಕ್ಕಿತ್ತು. ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 207 ಜನರ ಶ್ವಾಸಕೋಶ ಪರೀಕ್ಷಿಸಿದಾಗ, ಗಾಳಿಯಿಂದ ರಕ್ತಕ್ಕೆ ಆಮ್ಲಜನಕ ದಾಟಿಸುವ ಶಕ್ತಿ ಸುಮಾರು 44% ಜನರಲ್ಲಿ ಕುಂದಿತ್ತು. ಕೇಂದ್ರ ಆರೋಗ್ಯ ಸಚಿವಾಲಯ ಕೋವಿಡ್ ನಂತರದ ತೊಂದರೆಗಳ ಚಿಕಿತ್ಸೆಗೆ 2021ರ ಅಕ್ಟೋಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆ ಪುಸ್ತಕ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಇದೆಯೇ? ಹೋಗಿ ಕೇಳಿ.

ಎಣಿಕೆ, ಸಂಶೋಧನೆ ಇಲ್ಲದ ಜಾಗವನ್ನು ಗಾಳಿಮಾತು ತುಂಬುತ್ತದೆ. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ ರಾಜ್ಯವೆಲ್ಲ ಬೆದರಿತು. ಲಸಿಕೆಯೇ ಕಾರಣ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಐಸಿಎಂಆರ್ 2023ರಲ್ಲೇ 18ರಿಂದ 45 ವಯಸ್ಸಿನವರ 729 ಹಠಾತ್ ಸಾವುಗಳನ್ನು 2,916 ಜನರೊಂದಿಗೆ ಹೋಲಿಸಿ ಅಧ್ಯಯನ ಮಾಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಆದರೆ ಹಿಂದೆ ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ ಅಪಾಯ ಹೆಚ್ಚಿತ್ತು. ಈ ಮಾಹಿತಿ ನಮ್ಮ ಭಾಷೆಯಲ್ಲಿ, ನಮ್ಮ ಊರಿನ ನೋಟಿಸ್ ಬೋರ್ಡಿನಲ್ಲಿ ಇದ್ದಿದ್ದರೆ ಎಷ್ಟೋ ಮನೆಗಳ ಭಯ ತಪ್ಪುತ್ತಿತ್ತು.

ಈ ಮಣ್ಣಿಗೆ ಇಂಥ ಕೆಲಸದ ನೆನಪು ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮಲೆನಾಡಿಗೆ ಬಂದು, ಕಾಡು ಸುತ್ತಿ, ರಕ್ತ ಪರೀಕ್ಷಿಸಿ, ಜಗತ್ತಿಗೇ ಗೊತ್ತಿಲ್ಲದ ಒಂದು ವೈರಸ್ಸನ್ನು ಗುರುತಿಸಿದರು, ಅದು ಉಣ್ಣೆಯಿಂದ ಹರಡುತ್ತದೆ ಎಂದು ತೋರಿಸಿದರು. ಮಂಗನ ಕಾಯಿಲೆಗೆ ಶಿವಮೊಗ್ಗದ ಹಳ್ಳಿಯ ಜನರ ಮಾತನ್ನು ಕೇಳಿ ವಿಜ್ಞಾನ ಬಂದಿತ್ತು. ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್, ಜಯದೇವ, ಸೇಂಟ್ ಜಾನ್ಸ್ ಎಲ್ಲವೂ ಇರುವ ಇಂದಿನ ಕರ್ನಾಟಕದಲ್ಲಿ ಅದಕ್ಕಿಂತ ಕಡಿಮೆ ಕೆಲಸವನ್ನು ನಾವು ಒಪ್ಪುವುದಿಲ್ಲ.

■ ನಮ್ಮ ಹಕ್ಕೊತ್ತಾಯಗಳು

1. ಎಣಿಸಿ. ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಅದೇ ಭೇಟಿಯಲ್ಲಿ ಲಾಂಗ್ ಕೋವಿಡ್ ಕುರಿತ ನಾಲ್ಕು ಪ್ರಶ್ನೆಗಳನ್ನು ಸೇರಿಸಿ. ಈ ಹೆಚ್ಚುವರಿ ಕೆಲಸಕ್ಕೆ ಆಶಾ ಅಕ್ಕಂದಿರಿಗೆ ಹೆಚ್ಚುವರಿ ಗೌರವಧನ ಕೊಡಿ. ಪಾಸಿಟಿವ್ ರಿಪೋರ್ಟ್ ಇಲ್ಲ ಎಂದು ಯಾರನ್ನೂ ಕೈಬಿಡಬೇಡಿ.

2. ದಾಖಲಿಸಿ. ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳೂ ಯು09.9 ಸಂಕೇತ ಬಳಸಬೇಕು. ಜಿಲ್ಲಾವಾರು ಅಂಕಿಅಂಶಗಳನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಬೇಕು.

3. ಚಿಕಿತ್ಸೆ ಹತ್ತಿರ ತನ್ನಿ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಲಾಂಗ್ ಕೋವಿಡ್ ಕ್ಲಿನಿಕ್ ನಡೆಯಲಿ. ಶ್ವಾಸಕೋಶ, ಹೃದಯ, ನರ, ಮನೋವೈದ್ಯರು, ಫಿಸಿಯೋಥೆರಪಿಸ್ಟ್ ಒಂದೇ ಕಡೆ ಸಿಗಲಿ. ಕೂಲಿ ಬಿಟ್ಟು ಐದು ವಿಭಾಗ ಅಲೆಯುವ ಶಕ್ತಿ ರೋಗಿಗೆ ಇಲ್ಲ.

4. ಸಂಶೋಧನಾ ನಿಧಿ ಮೀಸಲಿಡಿ. ರಾಜ್ಯ ಬಜೆಟ್ಟಿನಲ್ಲಿ ಇದಕ್ಕೆಂದೇ ಒಂದು ಸಾಲು ಇರಲಿ. ಸಾವಿರಾರು ರೋಗಿಗಳನ್ನು ಐದು ವರ್ಷ ಹಿಂಬಾಲಿಸುವ ಅಧ್ಯಯನ ಶುರುವಾಗಲಿ, ಒಪ್ಪಿಗೆ ಪಡೆದ ರಕ್ತದ ಮಾದರಿಗಳನ್ನು ಕಾಪಿಡಿ. ಅಮೆರಿಕದಲ್ಲಿ ಸುಮಾರು 1 ಕೋಟಿ ಸೈನಿಕರಿಂದ ಸಂಗ್ರಹಿಸಿ ವರ್ಷಗಟ್ಟಲೆ ಇಟ್ಟಿದ್ದ ರಕ್ತದಿಂದಲೇ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೂ ಎಪ್ಸ್ಟೀನ್ ಬಾರ್ ವೈರಸ್‌ಗೂ ಇರುವ ನಂಟು 2022ರಲ್ಲಿ ಗಟ್ಟಿಯಾಗಿ ಸಿಕ್ಕಿತು. ಇಂದು ಕಾಪಿಡದ ರಕ್ತವನ್ನು ಹತ್ತು ವರ್ಷದ ಮೇಲೆ ಹುಡುಕಲಾಗದು.

5. ಅಗ್ಗದ ಮಾತ್ರೆಗಳ ಪ್ರಯೋಗ ನಡೆಸಿ. ಪೇಟೆಂಟ್ ಮುಗಿದ, ಬಡವರ ಕೈಗೆಟುಕುವ ಔಷಧಗಳಿಗೆ ಮೊದಲ ಸ್ಥಾನ ಸಿಗಲಿ. ಫಲಿತಾಂಶ ಒಳ್ಳೆಯದಿರಲಿ, ಇಲ್ಲದಿರಲಿ, ಪ್ರಕಟಿಸಿ.

6. ರೋಗಿಗಳನ್ನು ಸಮಿತಿಯಲ್ಲಿ ಕೂರಿಸಿ. ಗಾರ್ಮೆಂಟ್ಸ್ ಕಾರ್ಮಿಕರು, ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ರೈತರು ಅಲ್ಲಿರಬೇಕು. ಅಧ್ಯಯನಕ್ಕೆ ಬರುವವರಿಗೆ ಬಸ್ ಚಾರ್ಜು, ಆ ದಿನದ ಕೂಲಿ, ಕನ್ನಡದಲ್ಲಿ ಒಪ್ಪಿಗೆ ಪತ್ರ ಕೊಡಲೇಬೇಕು. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೇ ಸಂಶೋಧಕರು ಹೋಗಬೇಕು.

7. ಕೆಲಸ ಉಳಿಸಿ. ಇಎಸ್‌ಐನಲ್ಲಿ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ, 70% ಕೂಲಿ ಸಿಗುತ್ತದೆ. ಪಟ್ಟಿಯಲ್ಲಿರುವ 34 ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೆ 80% ಸಿಗುತ್ತದೆ. ಆ ಪಟ್ಟಿಗೆ ಲಾಂಗ್ ಕೋವಿಡ್ ಸೇರಿಸುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು.

8. ವೈದ್ಯರಿಗೆ, ನರ್ಸ್‌ಗಳಿಗೆ ತರಬೇತಿ ಕೊಡಿ. "ಎಲ್ಲ ನಾರ್ಮಲ್, ಹೋಗಿ" ಎನ್ನುವ ಮಾತು ನಿಲ್ಲಲಿ.

■ ನೀವು ಇಂದೇ ಮಾಡಬೇಕಾದದ್ದು

ರೋಗಿಗಳೇ: ಒಂದು ನೋಟ್‌ಬುಕ್ ಇಡಿ. ಇಂದು ಏನು ಕೆಲಸ ಮಾಡಿದಿರಿ, ನಾಳೆ, ನಾಡಿದ್ದು ಮೈ ಹೇಗಿತ್ತು ಎಂದು ಎರಡು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಮಕ್ಕಳಿಂದ ಬರೆಸಿ. ವೈದ್ಯರ ಮುಂದೆ ಅದೇ ನಿಮ್ಮ ಸಾಕ್ಷಿ. ಕುಸಿಯುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳಿ, ಕೆಲಸವನ್ನು ತುಂಡು ಮಾಡಿ ಹಂಚಿಕೊಳ್ಳಿ. ಎಲ್ಲವನ್ನೂ ಲಾಂಗ್ ಕೋವಿಡ್ ತಲೆಗೆ ಕಟ್ಟಬೇಡಿ. ರಕ್ತಹೀನತೆ, ಥೈರಾಯ್ಡ್, ಶುಗರ್, ಕ್ಷಯ ಇವೆಯೇ ಎಂದು ಮೊದಲು ನೋಡಿಸಿ, ಅವುಗಳಿಗೆ ಚಿಕಿತ್ಸೆ ಇದೆ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಎದ್ದು ನಿಂತರೆ ಎದೆ ಬಡಿದುಕೊಳ್ಳುವವರು ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಕೇಳಿ: ಐದರಿಂದ ಹತ್ತು ನಿಮಿಷ ಮಲಗಿಸಿ ನಾಡಿ ಮತ್ತು ಬಿಪಿ ಬರೆದುಕೊಳ್ಳಬೇಕು, ಆಮೇಲೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಮತ್ತೆ ನೋಡಬೇಕು. ದೊಡ್ಡವರಲ್ಲಿ ಬಿಪಿ ಬೀಳದೆ ನಾಡಿ ಮಾತ್ರ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಅಲ್ಲೇ ನಿಂತರೆ ಅದು ಪಾಟ್ಸ್ ಎಂಬ ತೊಂದರೆಯ ಸೂಚನೆ, ಅದನ್ನು ಹತೋಟಿಗೆ ತರುವ ದಾರಿಗಳಿವೆ. ಬೇಕಾದದ್ದು ಬಿಪಿ ಮೆಷಿನ್, ಗಡಿಯಾರ, ಬೀಳದಂತೆ ಪಕ್ಕದಲ್ಲಿ ನಿಲ್ಲುವ ಒಬ್ಬರು. ಈ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿಲ್ಲ.

ಮನೆಯವರೇ: ನಂಬಿ. ಅರ್ಧ ಚಿಕಿತ್ಸೆ ಅದೇ. ಸೊಸೆಯ ಸುಸ್ತನ್ನು ಸೋಮಾರಿತನ ಎನ್ನಬೇಡಿ. ಆಟಕ್ಕೆ ಹೋಗದೆ ಮಲಗುವ ಮಗುವನ್ನು ಗದರಬೇಡಿ, ಮಕ್ಕಳಿಗೂ ಈ ಕಾಯಿಲೆ ಬರುತ್ತದೆ.

ಹಳ್ಳಿಯವರೇ: ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ನಿರ್ಣಯ ಬರೆಸಿ, ನಕಲು ಕೇಳಿ. ಊರಿನಲ್ಲಿ ಇಂಥವರು ಎಷ್ಟು ಎಂದು ಆಶಾ ಅಕ್ಕನ ಜೊತೆ ಕೂತು ಪಟ್ಟಿ ಮಾಡಿ, ಅವರವರ ಒಪ್ಪಿಗೆ ಪಡೆದೇ ಹೆಸರು ಬರೆಯಿರಿ.

ಕಾರ್ಮಿಕ ಸಂಘಟನೆಗಳೇ: ಪೀಣ್ಯದಿಂದ ಹಿಡಿದು ಬೊಮ್ಮಸಂದ್ರದವರೆಗೆ ಪ್ರತಿ ಗೇಟಿನಲ್ಲಿ ಈ ಕರಪತ್ರ ಹಂಚಿ. ಕೆಲಸ ಬಿಟ್ಟುಹೋದವರ ಮನೆಗೆ ಹೋಗಿ ಏಕೆ ಬಿಟ್ಟರು ಎಂದು ಕೇಳಿ.

ವಿದ್ಯಾರ್ಥಿಗಳೇ, ವಕೀಲರೇ: ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದಗಳ ಒಳಗೆ, 30 ದಿನಗಳಲ್ಲಿ ಉತ್ತರ ಬರಬೇಕು. ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕೇಳಿ: ಕೋವಿಡ್ ನಂತರದ ಕ್ಲಿನಿಕ್ ಈಗ ನಡೆಯುತ್ತಿದೆಯೇ? ಎಷ್ಟು ಜನ ಬಂದರು? ಯು09.9 ಅಡಿಯಲ್ಲಿ ಎಷ್ಟು ಹೆಸರು ದಾಖಲಾಗಿದೆ?

ವೈದ್ಯರೇ, ಸಂಶೋಧಕರೇ: ನೀವು ಎರಡು ಅಲೆಗಳಲ್ಲಿ ಪಿಪಿಇ ಕಿಟ್ಟಿನೊಳಗೆ ಬೆಂದು ನಮ್ಮ ಪ್ರಾಣ ಉಳಿಸಿದವರು. ನಿಮ್ಮಲ್ಲೂ ಎಷ್ಟೋ ಜನ ಇದೇ ಕಾಯಿಲೆಯಿಂದ ನರಳುತ್ತಿದ್ದೀರಿ. ನಮ್ಮ ಜೊತೆ ನಿಲ್ಲಿ, ನಿಮ್ಮ ಒಪಿಡಿ ಪುಸ್ತಕದಲ್ಲಿ ನಮ್ಮ ಕಾಯಿಲೆಯ ಹೆಸರು ಬರೆಯಿರಿ.

ಎಲ್ಲರೂ: ಲಸಿಕೆ ಲಾಂಗ್ ಕೋವಿಡ್‌ನ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ, ಸೊನ್ನೆ ಮಾಡುವುದಿಲ್ಲ. ಪ್ರತಿ ಸೋಂಕೂ ಹೊಸ ಅಪಾಯ. ಕೆಮ್ಮು ಜ್ವರ ಇದ್ದರೆ ಮಾಸ್ಕ್ ಹಾಕಿ, ತರಗತಿ ಕೋಣೆಯ, ಕಾರ್ಖಾನೆಯ, ಸಭಾಂಗಣದ ಕಿಟಕಿ ತೆರೆದಿಡಿ.

■ ಮಾರ್ಚ್ 15ರಂದು ಬನ್ನಿ

ಅಂದು ಬೆಳಿಗ್ಗೆ 11 ಗಂಟೆಗೆ ನಿಮ್ಮ ತಾಲ್ಲೂಕು ಕಚೇರಿಯ ಮುಂದೆ ಸೇರಿ, ಈ ಎಂಟು ಹಕ್ಕೊತ್ತಾಯಗಳ ಮನವಿಯನ್ನು ತಹಶೀಲ್ದಾರರ ಮೂಲಕ ಮುಖ್ಯಮಂತ್ರಿಗಳಿಗೆ ಸಲ್ಲಿಸಿ, ಸ್ವೀಕೃತಿ ಪಡೆದೇ ವಾಪಸಾಗಿ. ಮಾರ್ಚ್ 15 ರಜಾದಿನವಾಗಿದ್ದರೆ ಮರುದಿನ ಕಚೇರಿ ತೆರೆದಾಗ ಸಲ್ಲಿಸಿ. ಬರಲಾಗದ ರೋಗಿಗಳು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಮನೆಯವರ ಕೈಯಲ್ಲಿ ಕಳಿಸಿ. ಬಂದವರಿಗೆ ನೆರಳು, ನೀರು, ಕುರ್ಚಿ ಇರುವಂತೆ ನೋಡಿಕೊಳ್ಳುವುದು ಆಯಾ ಊರಿನ ಗೆಳೆಯರ ಹೊಣೆ. ನಿಲ್ಲಲಾಗದವರು ಕುಳಿತೇ ಘೋಷಣೆ ಕೂಗಲಿ.

ಕಾಯಿಲೆಯ ನಡುವೆಯೇ ಕೆಲವೇ ಜನ ಪ್ರಶ್ನೆಗಳನ್ನು ಬರೆದು 56 ದೇಶಗಳನ್ನು ತಲುಪಿದರು, ವಿಜ್ಞಾನದ ದಿಕ್ಕನ್ನೇ ಬದಲಿಸಿದರು. ನಮ್ಮಲ್ಲಿ ಜನರಿದ್ದಾರೆ, ವಿಜ್ಞಾನಿಗಳಿದ್ದಾರೆ, ಆಸ್ಪತ್ರೆಗಳಿವೆ, ಮನೆ ಮನೆಯ ಬಾಗಿಲು ಬಲ್ಲ ಆಶಾ ಅಕ್ಕಂದಿರಿದ್ದಾರೆ. ಸರ್ಕಾರದ ಮನಸ್ಸೊಂದು ಬೇಕು, ಅದನ್ನು ಎಬ್ಬಿಸುವುದು ನಮ್ಮ ಕೈಯಲ್ಲಿದೆ.

ಓದಿ ಎಸೆಯಬೇಡಿ, ಇನ್ನೊಬ್ಬರಿಗೆ ಕೊಡಿ. ಓದು ಬಾರದವರಿಗೆ ಓದಿ ಹೇಳಿ.

ನಮ್ಮ ಕಾಯಿಲೆ ನಿಜ! ನಮ್ಮ ಲೆಕ್ಕ ಬೇಕು!
ರೋಗಿಗಳಿಲ್ಲದೆ ಸಂಶೋಧನೆ ಬೇಡ! ಸಂಶೋಧನೆಯಿಲ್ಲದ ಭರವಸೆ ಬೇಡ!
ಎಣಿಸಿ, ಹುಡುಕಿ, ವಾಸಿ ಮಾಡಿ!

ಇಂತಿ,
ಲಾಂಗ್ ಕೋವಿಡ್ ರೋಗಿಗಳು, ಅವರ ಮನೆಯವರು ಮತ್ತು ಜೊತೆಗಾರರು